ಪುಟ ತಿರುವುವ ಜಾಗ

ಓಸ್ತ್ರಾವಾದ ಒಪೆರಾ ಮಂದಿರದ ನೆಲಮಾಳಿಗೆಯಲ್ಲಿ
ಮೂವತ್ತೊಂದು ವರ್ಷ ಸ್ವರ ಬರೆದವಳು ನಾನು.
ಐದು ಮೊನೆಯ ನಿಬ್ಬು, ಒಮ್ಮೆ ಎಳೆದರೆ ಐದು ಗೆರೆ.
ತಪ್ಪಿದರೆ ಬ್ಲೇಡಿನಿಂದ ಹೆರೆದು, ಉಗುರಿನಿಂದ ತೀಡಿ,
ಕಾಗದ ಮತ್ತೆ ಮಸಿ ಕುಡಿಯುವಷ್ಟು ನುಣುಪಾದ ಮೇಲೆ
ಆ ಒಂದು ಸ್ವರವನ್ನು ಹೊಸದಾಗಿ ಕೂರಿಸಬೇಕು.
ಎಡಗೈ ಹೆಬ್ಬೆರಳಲ್ಲಿ ಇನ್ನೂ ಇದೆ ಗಾಯದ ಕಲೆ,
ಯಾವುದೋ ಒಪೆರಾದ ಮೂರನೆಯ ಅಂಕದ್ದು.

ಆಮೇಲೆ ಕಂಪ್ಯೂಟರ್ ಬಂತು.
ಅದನ್ನು ಹೊತ್ತು ತಂದವನು ಹೊಸ ಹುಡುಗ ಕ್ರಿಶ್ತೋಫ್:
"ಡ್ರಾಹೊಮಿರಾ ಮೇಡಂ, ಇನ್ನು ನಿಮ್ಮ ಕೈಗೆ ಬಿಡುವು."
ಬಿಡುವು ಕೊಡಿ ಅಂತ ನಾನು ಯಾರನ್ನು ಕೇಳಿದ್ದೆ?

ಮೊದಲ ವಾರ ಅದು ನನ್ನನ್ನು ಬಾಯಿ ತೆರೆಯಲೇ ಬಿಡಲಿಲ್ಲ.
ನಾಲ್ಕು ಎಣಿಕೆಯ ಮನೆಯಲ್ಲಿ ಮೂರನ್ನಿಟ್ಟರೆ
ನಾಲ್ಕನೆಯದಕ್ಕೆ ತಾನೇ ವಿರಾಮ ತುಂಬುತ್ತಿತ್ತು,
ಬೇಡ ಅನ್ನುವ ಮೊದಲೇ ಬಡಿಸಿಬಿಡುವ ಅತ್ತೆಯಂತೆ.
ಐದನ್ನಿಟ್ಟರೆ ಮಿಕ್ಕಿದ್ದು ಗೆರೆ ದಾಟಿ ಪಕ್ಕದ ಮನೆಗೆ.
ಒಂದು ಕಮಾನು ಎಳೆದೆ, ಅದು ಹೆಡೆಯೆತ್ತಿ
ಮೇಲಿನ ಸಾಲಿನ ಕೊಳಲನ್ನು ಕಚ್ಚಿತು.
ರದ್ದು ಒತ್ತಿದೆ. ಮತ್ತೆ ರದ್ದು. ಒತ್ತುತ್ತ ಒತ್ತುತ್ತ
ಬೆಳಗಿನ ಕೆಲಸವೆಲ್ಲ ಹೋಗಿ ಖಾಲಿ ಐದು ಗೆರೆ ಉಳಿಯಿತು.
ಬ್ಲೇಡು ಇಷ್ಟು ಸಲೀಸಾಗಿ ಅಳಿಸುತ್ತಿರಲಿಲ್ಲ.

ಸುಳ್ಳೇಕೆ, ಸುಖವನ್ನೂ ಕಂಡೆ.
ಸೊಪ್ರಾನೊಗೆ ಶೀತ ಹಿಡಿದ ಸಂಜೆ
ಇಡೀ ಹಾಡನ್ನು ಅರ್ಧ ಮೆಟ್ಟಿಲು ಇಳಿಸಿ ಅಂದರು.
ಇಪ್ಪತ್ತಾರು ವಾದ್ಯಗಳ ಹಾಳೆ, ಒಂದೇ ಗುಂಡಿ.
ಹಿಂದಾದರೆ ನಾನೂ ನನ್ನ ತಂಗಿಯೂ
ಬೆಳಗಿನ ಮೊದಲ ಟ್ರಾಮ್ ಸದ್ದಾಗುವವರೆಗೆ.
ಅಂದು ಬೇಗ ಮನೆಗೆ ಹೋಗಿ, ಸೂಪು ಕಾಯಿಸಿ ಕುಡಿದು
ಏನು ಮಾಡುವುದೆಂದು ತೋಚದೆ ಕೈ ನೋಡುತ್ತ ಕೂತೆ.

ಎರಡನೆಯ ಬಾಸೂನಿನ ವ್ರತಿಸ್ಲಾವ್‌ನ ವಿಷಯ ಹೇಳಬೇಕು.
ಹರೆಯದಲ್ಲಿ ಕಲ್ಲಿದ್ದಲ ಗಣಿಗಿಳಿದವನು.
ಬೆರಳು ಚುರುಕು; ಬಲಭುಜ ಮಾತ್ರ ತುಕ್ಕು ಹಿಡಿದ ಬಾಗಿಲು.
ಪುಟ ತಿರುವಲು ಉಳಿದವರಿಗೆ ಒಂದು ಉಸಿರು ಸಾಕು,
ಅವನಿಗೆ ಆರು ಮನೆ ಬೇಕು.
ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.
ಅವನ ಹಾಳೆಯಲ್ಲಿ ಮಾತ್ರ ಬಲಪುಟವನ್ನು
ಉದ್ದನೆಯ ಮೌನ ಬಂದಲ್ಲಿಗೇ ನಿಲ್ಲಿಸುತ್ತಿದ್ದೆ,
ಕೆಳಗೆ ಎಷ್ಟು ಬಿಳಿ ಉಳಿದರೂ ಉಳಿಯಲಿ ಅಂತ.
ಹದಿನಾಲ್ಕು ವರ್ಷ. ಒಂದು ಕ್ರಿಸ್‌ಮಸ್ಸಿಗೆ
ನನ್ನ ಮೇಜಿನ ಮೇಲೆ ಅಕ್ರೋಟಿನ ಚೀಲ, ಚೀಟಿಯಿಲ್ಲದೆ.

ಈ ಸಂಗತಿಯನ್ನು ಎಲ್ಲಿ ನಮೂದಿಸುವುದು?
ಪಟ್ಟಿಯೊಳಗಿನ ಪಟ್ಟಿ ಬಿಚ್ಚಿ ನೋಡಿದೆ: ಅಂಚು, ಅಂತರ,
ಗೆರೆಯ ದಪ್ಪ, ಮಿಲಿಮೀಟರಿನ ನೂರನೆಯ ಭಾಗದವರೆಗೆ.
ಭುಜ ಎಂಬ ಪದ ಇರಲಿಲ್ಲ.
ಒಂದೊಂದೇ ಪುಟಕ್ಕೆ ಬೀಗ ಹಾಕಿ ಕೂರಿಸಿದೆ.
ಮಾರ್ಚ್‌ನಲ್ಲಿ ಹೊಸ ಆವೃತ್ತಿ ಬಂತು; ರಾತ್ರೋರಾತ್ರಿ
ಬೀಗಗಳನ್ನೆಲ್ಲ ತೆಗೆದು, ಬಿಳಿಯನ್ನೆಲ್ಲ ತುಂಬಿ,
ಎಂಟು ಪುಟವನ್ನು ಆರಕ್ಕಿಳಿಸಿ
ಕಾಗದ ಉಳಿಸಿದೆನೆಂದು ಬೀಗುತ್ತ ನಿಂತಿತ್ತು.
ನೋಡದೆ ಅಚ್ಚು ಹಾಕಿದ್ದು ನನ್ನ ತಪ್ಪು.

ಆ ರಾತ್ರಿ ಎರಡನೆಯ ಅಂಕದಲ್ಲಿ, ಓಡುವ ಸ್ವರಗಳ ನಟ್ಟನಡುವೆ
ಬಾಸೂನ್ ನಿಂತಿತು.
ಸಭೆಗೆ ತಿಳಿದಿರಲಿಕ್ಕಿಲ್ಲ. ತೆಳ್ಳಗಾದ ಒಂದು ಕ್ಷಣ, ಅಷ್ಟೆ.
ನೆಲಮಾಳಿಗೆಯ ಸ್ಪೀಕರಿನಲ್ಲಿ
ಅವನು ಹಾಳೆ ಮಗುಚುವ ಸದ್ದು ಕೇಳಿದೆ,
ಇಷ್ಟು ವರ್ಷದಲ್ಲಿ ಮೊದಲ ಸಲ.

ಮರುದಿನ ಕ್ಷಮೆ ಕೇಳಲು ಹೋದರೆ
"ಪೇಪರ್ ದುಬಾರಿಯಾಯಿತೇನೋ ಅಂದುಕೊಂಡೆ" ಅಂದ,
ಜೊಂಡನ್ನು ನಾಲಿಗೆಯಲ್ಲಿ ನೆನೆಸುತ್ತ.

ಅವನು ನಿವೃತ್ತನಾಗಿ ಎರಡು ಚಳಿಗಾಲ ಕಳೆಯಿತು.
ಆ ಕುರ್ಚಿಯಲ್ಲೀಗ ಯೊಲಾನಾ; ಇಪ್ಪತ್ತನಾಲ್ಕು ವಯಸ್ಸು, ಈಜುಗಾತಿಯ ಭುಜ.
ಮೊನ್ನೆ ಮೆಟ್ಟಿಲಿಳಿದು ಬಂದು ಕೇಳಿದಳು:
"ನನ್ನ ಹಾಳೆಯ ಕೊನೆಯಲ್ಲೇ ಯಾಕೆ ಇಷ್ಟೊಂದು ಖಾಲಿ?"
ಕ್ರಿಶ್ತೋಫ್ ನನ್ನ ಮುಖ ನೋಡಿದ.
"ಸಾಫ್ಟ್‌ವೇರಿನ ದೋಷ" ಅಂದೆ.
"ಹಾಗೇ ಇರಲಿ ಬಿಡಿ," ಅಂದಳು,
"ಅಲ್ಲಿ ನಾನು ನೀರು ಕುಡೀತೀನಿ."