ಒದ್ದೆ ಬತ್ತಿ

ಬುಕ್ಕಾಪಟ್ಟಣದ ಕಾಡಿನ ಕಾವಲುಗೋಪುರಕ್ಕೆ
ನಲವತ್ತೊಂದು ಮೆಟ್ಟಿಲು. ಮೂವತ್ತನೆಯದು ಇಲ್ಲ.
ಕತ್ತಲಲ್ಲೂ ಕಾಲಿಗೆ ಗೊತ್ತು.
ಮೇಲೆ ಬಿಳಿ ಬಣ್ಣದ ಮರದ ಪೆಟ್ಟಿಗೆ, ಒಳಗೆ
ಅಕ್ಕಪಕ್ಕ ನಿಂತ ಎರಡು ಉಷ್ಣಮಾಪಕ.
ಒಂದು ಬರಿ ಮೈ. ಇನ್ನೊಂದರ ಬುಡಕ್ಕೆ
ಮಲ್ಲು ಬಟ್ಟೆಯ ಬತ್ತಿ,
ಬತ್ತಿಗೊಂದು ಗಿಂಡಿ ನೀರು.

ಫೆಬ್ರವರಿಯಿಂದ ಮೇ ತನಕ ನನಗೆ ಸಂಬಳ
ಈ ಬತ್ತಿ ಒಣಗದಂತೆ ನೋಡಿಕೊಳ್ಳುವುದಕ್ಕೆ.
‘ಎಣ್ಣೆ ಹಾಕಂಗಿಲ್ಲ, ಹಚ್ಚಂಗಿಲ್ಲ,
ಇದ್ಯಾವ ಸೀಮೆ ಬತ್ತೀನವ್ವ ನಿಂದು’
ಎನ್ನುತ್ತಿದ್ದ ಮೂಡ್ಲಗಿರಿಯಜ್ಜ,
ಕುರಿ ಬಿಟ್ಟು ಗೋಪುರದ ನೆರಳಿಗೆ ಕೂತು.

ಎರಡು ಗಾಜಿನ ಕಡ್ಡಿಗಳ ನಡುವೆ ಅಂತರ ಎಷ್ಟೋ
ಗಾಳಿಗೆ ಬಾಯಾರಿಕೆ ಅಷ್ಟು.
ಐದು ಗೆರೆಯಿದ್ದರೆ ಮಧ್ಯಾಹ್ನ ಕಣ್ಣು ಮುಚ್ಚಬಹುದು.
ಹತ್ತು ದಾಟಿದರೆ ಬಾದೆಹುಲ್ಲು
ಚಿಂಕಾರದ ಗೊರಸಿಗೂ ಪಟಪಟ ಮುರಿಯುತ್ತದೆ.
ಹದಿನಾರು ಬರೆದ ದಿನ
ರೇಂಜ್ ಆಫೀಸಿಗೆ ನಾನೇ ಫೋನು ಮಾಡಬೇಕು,
ಬೀಡಿ ಸೇದುವವರನ್ನು ಬೈಯಬೇಕು, ವಯಸ್ಸು ನೋಡದೆ.

ಅಜ್ಜನ ಲೆಕ್ಕ ಬೇರೆ.
ರಾತ್ರಿ ಕಂಬಳಿ ಕೊಡವಿದಾಗ
ಚಿಟಚಿಟ ಕಿಡಿ ಹಾರಿದರೆ
ಮಾರನೆಯ ದಿನ ಬೀಡಿಯನ್ನು ತಾನೇ ಮನೆಯಲ್ಲಿ ಬಿಟ್ಟು ಬರುತ್ತಿದ್ದ.
ನನ್ನ ಹದಿನಾರೂ ಅವನ ಕಿಡಿಯೂ
ಆ ವರ್ಷ ಒಂದೇ ದಿನ ಬಂದವು.

ಆಕಾಶದಲ್ಲೂ ಒಂದು ಕಣ್ಣಿದೆಯಂತೆ.
ಬಿಸಿ ಕಂಡಲ್ಲಿ ಫೋನಿಗೆ ಕೆಂಪು ಚುಕ್ಕಿ ಕಳಿಸುತ್ತದೆ.
ಒಮ್ಮೆ ಇಟ್ಟಿಗೆ ಗೂಡಿಗೆ ಓಡಿದ್ದೆವು.
ಒಮ್ಮೆ ಆಲೆಮನೆಗೆ; ಬೆಲ್ಲ ಕೊಟ್ಟು ಕಳಿಸಿದರು.
ಮಾರ್ಚಿಯ ಒಂದು ಇಳಿಹೊತ್ತು
ಚುಕ್ಕಿ ಕೆರೆ ಹಿಂದಿನ ಬಯಲಲ್ಲಿತ್ತು.
ಎರಡು ಬೈಕು, ನಾಲ್ಕು ಜನ, ಕೈಯಲ್ಲಿ ಹಸಿ ಬಂದರೆ ಸೊಪ್ಪು.
ಹೋಗಿ ನೋಡಿದರೆ
ಮೂಡ್ಲಗಿರಿಯಜ್ಜ ಉರಿಯುತ್ತಿದ್ದ.

ಬೆಳಿಗ್ಗೆಯೇ ಹೋಗಿದ್ದನಂತೆ. ನನಗೆ ಯಾರೂ ಹೇಳಿರಲಿಲ್ಲ.
ಸೊಪ್ಪನ್ನು ಎಲ್ಲಿಡುವುದೆಂದು ತಿಳಿಯದೆ
ಬೆನ್ನ ಹಿಂದೆ ಹಿಡಿದು ನಿಂತೆ.
ವಾಪಸು ಸಂದೇಶದಲ್ಲಿ ಎರಡೇ ಗುಂಡಿ:
ಕಾಡು ಬೆಂಕಿ, ಕಾಡು ಬೆಂಕಿ ಅಲ್ಲ.
ಒತ್ತಿದೆ.

ಭರಣಿ ಹುಟ್ಟಿದ ಮೂರನೆಯ ಸಂಜೆ
ಪಡುವಣಕ್ಕೆ ಮೋಡ ಕಟ್ಟಿತು.
ಮಳೆ ಇಳಿಯುವುದು ಕಾಣುತ್ತಿತ್ತು
ಕಂಬಳಿಯಂಚಿಗೆ ಬಿಟ್ಟ ನೂಲಿನ ಹಾಗೆ,
ಜೋತಾಡಿತು, ನೆಲ ಮುಟ್ಟಲಿಲ್ಲ.
ನಡುದಾರಿಯಲ್ಲೇ ಗಾಳಿ ಕುಡಿದುಬಿಟ್ಟಿತು.
ಆಮೇಲೆ ಬಿತ್ತು, ಹನಿಯಿಲ್ಲದ ಸಿಡಿಲು.

ಸಿಡಿಲಿದ್ದಾಗ ಗೋಪುರ ಇಳಿಯಬೇಕೆಂದು ಆದೇಶವಿದೆ.
ಇಳಿದರೆ ಎಲ್ಲಿ ಬಿತ್ತೆಂದು ನೋಡುವವರು ಯಾರು,
ಅದು ಆದೇಶದಲ್ಲಿಲ್ಲ.
ಮಿಂಚಿನಿಂದ ಎಣಿಸಿದೆ, ಏಳಕ್ಕೆ ಸದ್ದು.
ಎರಡು ಕಿಲೋಮೀಟರು ಚಿಲ್ಲರೆ.
ತಗಡಿನ ತಟ್ಟೆಯ ಮೇಲೆ ಕೋನ ಇನ್ನೂರ ಮೂವತ್ತು,
ಅಲ್ಲಿ ಕಮರದ ಸಾಲು.
ಹೊಗೆಯಿಲ್ಲ. ಫೋನಿನಲ್ಲಿ ಚುಕ್ಕಿಯಿಲ್ಲ.

ಸಿಡಿಲು ನುಂಗಿದ ಮರ ಕೂಡಲೇ ಬಾಯಿ ಬಿಡುವುದಿಲ್ಲ.
ಹೊಟ್ಟೆಯಲ್ಲಿಟ್ಟುಕೊಂಡು ರಾತ್ರಿ ಕಳೆಯುತ್ತದೆ,
ಬೆಳಗಿನ ಗಾಳಿಗೆ ಕಾಯುತ್ತದೆ.

ಕೋಳಿ ಕೂಗುವ ಮೊದಲೇ ನಾನೂ ವಾಚರ್ ಸಾದಿಕ್ಕೂ ಹೊರಟೆವು.
ಒಂದೊಂದೇ ಕಾಂಡಕ್ಕೆ ಅಂಗೈ ಮಗುಚಿ ಇಟ್ಟು
ನೋಡುತ್ತ ಹೋದೆವು, ಜ್ವರ ನೋಡುವ ಹಾಗೆ.
ಹನ್ನೊಂದನೆಯದು ಕಾದಿತ್ತು.
ಎರಡು ಕ್ಯಾನು ನೀರು ಪೊಟರೆಗೆ ಸುರಿದೆವು.
ಉಸ್ಸೆಂದಿತು. ಮತ್ತೂ ಉಸ್ಸೆಂದಿತು.
ಒಳಗೊಂದು ಕೆಂಡ, ತೊಗರಿಕಾಳಿನಷ್ಟು, ಮುಚ್ಚಲೊಲ್ಲದ ಕಣ್ಣು.
ಕ್ಯಾನು ಖಾಲಿ.
ನನ್ನ ಚೀಲದಲ್ಲಿ ಬತ್ತಿಗೆಂದೇ ಕೊಟ್ಟ ನೀರಿನ ಬಾಟಲಿ ಇತ್ತು.

ಮಧ್ಯಾಹ್ನ ಮೇಲೆ ಹತ್ತಿದಾಗ
ಬತ್ತಿ ಒಣಗಿ ಕಡ್ಡಿಯಾಗಿತ್ತು.
ಎರಡೂ ಉಷ್ಣಮಾಪಕ ಒಂದೇ ಗೆರೆಯಲ್ಲಿ, ಅಂತರ ಸೊನ್ನೆ.
ಇಲಾಖೆಯ ಪಟ್ಟಿಯ ಪ್ರಕಾರ
ಅದು ಮಂಜು ಮುಸುಕಿದ, ಮಳೆ ಸುರಿಯುವ ದಿನ.
ಕೆಳಗೆ ಬಾದೆಹುಲ್ಲು ಬಿಸಿಲಿಗೆ ಬಿಳಿಚಿಕೊಂಡು ನಿಂತಿತ್ತು.

ಅಂಕಣ ಖಾಲಿ ಬಿಟ್ಟೆ.
ಷರಾದಲ್ಲಿ ಬರೆದೆ:
ನೀರು ಬೇರೆ ಕಡೆ ಖರ್ಚಾಗಿದೆ.