ನೀಲಿ ಸೀಮೆಸುಣ್ಣ

ಜನವರಿ ಬಂತೆಂದರೆ ನಾನು ಈ ಸೀಮೆಯ ನೀರಗಂಟಿ.
ತೂಬಿಲ್ಲ, ಕೆರೆಯೇರಿಯಿಲ್ಲ, ಹೆಗಲಿಗೆ ಗುದ್ದಲಿಯೂ ಇಲ್ಲ;
ಸರ್ಕಾರದ ಪಿಕಪ್ಪು, ಮುನ್ನೂರಡಿಯ ಉಕ್ಕಿನ ಟೇಪು,
ಬಡಗಿಗಳ ನೀಲಿ ಸೀಮೆಸುಣ್ಣದ ಒಂದು ಡಬ್ಬಿ.
ಪಡುವಣ ಕ್ಯಾನ್ಸಸ್. ಲಿಯೋಟಿ ದಾಟಿ ಹನ್ನೊಂದು ಮೈಲಿ,
ತಿರುವೇ ಇಲ್ಲದ ದಾರಿ.
ಗಾಳಿಗೆ ಬಿಡುವಿಲ್ಲ, ಪಂಪುಗಳಿಗೆ ರಜೆ.
ಕಲಕಿದ ನೀರು ಕೆಳಗೆ ತನ್ನ ಮಟ್ಟ ಹುಡುಕಿಕೊಂಡು
ಸುಮ್ಮನೆ ಕೂತಿರುವ ಹೊತ್ತು.
ಅಳೆಯುವುದಿದ್ದರೆ ಈಗಲೇ.

ವರ್ನಾ ಡರ್ಕ್ಸೆನ್ ಪಂಪುಮನೆಯ ಬಾಗಿಲಲ್ಲೇ ನಿಂತಿದ್ದಾಳೆ,
ಸತ್ತ ಗಂಡನ ಕೋಟು, ಜೋಡಿಯಲ್ಲದ ಎರಡು ಕೈಗವಸು.
"ತಡ ಮಾಡಿದೆ" ಅನ್ನುತ್ತಾಳೆ, ಪ್ರತಿ ವರ್ಷದಂತೆ.

ಟೇಪಿನ ತುದಿಗೆ ಸುಣ್ಣ ಹಚ್ಚುತ್ತೇನೆ,
ಕೂಸಿನ ಬೆನ್ನಿಗೆ ಎಣ್ಣೆ ಹಚ್ಚಿದ ಹಾಗೆ, ಒಂದೇ ಸಮ.
ಸೀಸದ ಗುಂಡು ಮುಂದೆ, ಟೇಪು ಹಿಂದೆ,
ಕೊಳವೆಯ ಕತ್ತಲಿಗೆ ಇಳಿಯುತ್ತವೆ.
ನಮ್ಮ ಕಡೆ ಬಾವಿಗೆ ಕೊಡ ಬಿದ್ದರೆ ಪಾತಾಳಗರಡಿ ಬಿಡುತ್ತಿದ್ದರು;
ಕೊಡದ ಜತೆ ಇನ್ಯಾರದೋ ತಂಬಿಗೆ, ತುಕ್ಕು ಹಿಡಿದ ಬೀಗದ ಕೈ,
ಮರೆತದ್ದೆಲ್ಲ ಕೊಕ್ಕೆಗೆ ಸಿಕ್ಕಿ ಮೇಲೆ ಬರುತ್ತಿತ್ತು.
ಈ ಟೇಪು ಏನನ್ನೂ ತರುವುದಿಲ್ಲ.
ಹೋದದ್ದೆಷ್ಟು ಅಂತ ಮಾತ್ರ ಹೇಳುತ್ತದೆ.

ನೂರ ತೊಂಬತ್ತಕ್ಕೆ ಹಿಡಿದೆ. ಎಳೆದೆ.
ಒಣ ನೀಲಿ. ಹನಿಯ ಕಲೆಯೂ ಇಲ್ಲ.
ಹೋದ ವರ್ಷ ನೂರ ತೊಂಬತ್ತೊಂದಿತ್ತು;
ಏರಿರಬಹುದೆಂದು ಆಸೆಬಿದ್ದೆ. ಕಸುಬಿನಲ್ಲಿ ಅದು ತಪ್ಪು.

ಆಸೆ ಯಾಕೆಂದರೆ,
ನಾಲ್ಕು ವರ್ಷದ ಹಿಂದೆ ಅವಳು ಗೋವಿನಜೋಳ ಬಿಟ್ಟಳು.
ಕಾಲು ಮೈಲಿಯುದ್ದದ ನೀರಿನ ತೋಳು
ಗಡಿಯಾರದ ಮುಳ್ಳಿನಂತೆ ಹೊಲ ಸುತ್ತುತ್ತಿದ್ದದ್ದು
ಈಗ ಅರ್ಧ ಬೇಸಿಗೆ ನಿಂತೇ ಇರುತ್ತದೆ, ಹಕ್ಕಿ ಕೂರಲು.
ಬಿತ್ತಿದ್ದು ಮೈಲೋ. ತೆನೆ ಉಜ್ಜಿ ನೋಡಿದರೆ
ಅಯ್ಯೋ, ನಮ್ಮ ಜೋಳ! ಮೈ ಕೆಂಪು, ಅಷ್ಟೆ.
"ಇದರಲ್ಲಿ ರೊಟ್ಟಿ ತಟ್ಟುತ್ತೇವೆ" ಅಂದೆ.
"ಇಲ್ಲಿ ದನ ತಿನ್ನುತ್ತವೆ" ಅಂದಳು.

ಬೇಲಿಯಾಚೆ ರಾಯ್ಸ್ ಹೆಲ್ಮರನ ಹೊಲ, ಇನ್ನೂ ಗೋವಿನಜೋಳದ ಕೂಳೆ.
ಕೆಟ್ಟವನೇನಲ್ಲ, ಹಿಮ ಬಿದ್ದಾಗ ಇವಳ ದಾರಿ ಬಳಿಯುವವನು ಅವನೇ.
ಆದರೆ ಬೇಲಿ ಇರುವುದು ಮೇಲೆ; ಕೆಳಗಿಲ್ಲ.
ಇವಳು ಉಳಿಸಿದ್ದು ಅವನ ಪಂಪಿಗೆ ಜಾರುವುದಿಲ್ಲವೇ?
ಕೇಳಿದ್ದೆ ಒಮ್ಮೆ. ಅವಳಂದದ್ದು, ನನ್ನ ಮಾತಲ್ಲಿ ಹೇಳುವುದಾದರೆ:
ಒಂದೇ ತಟ್ಟೆಯಲ್ಲಿ ಉಣ್ಣುವಾಗ
ಯಾರಾದರೊಬ್ಬರು ಮೊದಲು ಕೈ ತೊಳೆಯಬೇಕು.

ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು, ನಿಜ.
ಇಲ್ಲಿ ಯಾರೂ ಕೂತು ಉಂಡವರಲ್ಲ.
ಬೆಳಗಿನ ನಾಲ್ಕಕ್ಕೆದ್ದು, ಬೆನ್ನು ಬಾಗಿಸಿ,
ದುಡಿದೇ ಖಾಲಿ ಮಾಡಿದರು.

ಮತ್ತೆ ಸುಣ್ಣ. ಈ ಸಲ ಇನ್ನೂರಕ್ಕೆ ಹಿಡಿದೆ.
ಮೇಲೆ ಬಂದ ನೀಲಿ ಒಂದೆಡೆಯಿಂದ ಕಡುವಾಗಿತ್ತು,
ಪಂಪಿನೆಣ್ಣೆಯ ಕಮಟು.
ನೆನೆದದ್ದು ಒಂಬತ್ತಡಿಗೆ ಮೂರು ಬೆರಳು ಕಡಿಮೆ.
ಅಂದರೆ, ನೀರು ಮೂರು ಬೆರಳು ಇಳಿದಿದೆ.
ಮೊದಲೆಲ್ಲ ವರ್ಷಕ್ಕೆ ಮೊಳಕಾಲುದ್ದ ಇಳಿಯುತ್ತಿತ್ತು.

ಬಾಗಿಲ ಒಳಮೈಯಲ್ಲಿ ಪೆನ್ಸಿಲ್ ಗೆರೆಗಳು.
ಅರವತ್ತೆಂಟರದು ಅವಳ ಗಂಡನ ಕಣ್ಣಿನ ಮಟ್ಟಕ್ಕೆ: ಎಂಬತ್ತಡಿ.
ಆಮೇಲೆ ವರ್ಷಕ್ಕೊಂದು, ಕೆಳಗೆ, ಇನ್ನೂ ಕೆಳಗೆ;
ಮಕ್ಕಳ ಎತ್ತರ ಗೀಚಿದಂತೆ, ಮಕ್ಕಳು ಕುಳ್ಳಾಗುತ್ತ ಹೋದಂತೆ.
ಮೊಳಕಾಲ ಹತ್ತಿರ ಕೈಬರಹ ಬದಲಾಗುತ್ತದೆ.
ಅಲ್ಲಿಂದ ಅವಳದು.

ಈಗ ಬರೆಯಲು ನೆಲಕ್ಕೇ ಕೂರಬೇಕು. ಕೂತಳು.
ಹೋದ ವರ್ಷದ ಗೆರೆಗೆ ಒತ್ತಿಸಿ ಎಳೆದಳು,
ನಡುವೆ ಕೂದಲೂ ತೂರದ ಹಾಗೆ.
ಕೆಳಗೆ ಹೊಸ್ತಿಲಿನವರೆಗೆ ಉಳಿದ ಜಾಗವನ್ನು
ಹೆಬ್ಬೆರಳಿಂದ ಒಮ್ಮೆ ಒರೆಸಿ
"ಎಬ್ಬಿಸು" ಅಂದಳು.
ಕೈ ಕೊಟ್ಟೆ. ಅವಳ ಕೈಗವಸಿಗೂ ನೀಲಿ ಹತ್ತಿತು.

ಮುಂದಿನ ಬಾವಿ ರಾಯ್ಸನದು.
ಜೇಬಲ್ಲಿ ಕೈಯಿಟ್ಟು ಗೇಟಿನ ಹತ್ತಿರ ಕಾಯುತ್ತಿದ್ದ.
ತನ್ನದಿನ್ನೂ ಅಳೆದಿಲ್ಲ, ನಾನು ಇಳಿದೂ ಇಲ್ಲ,
ಕಿಟಕಿಗೆ ಬಗ್ಗಿ ಕೇಳಿದ:
"ಅವಳದು ಎಷ್ಟಿಳಿಯಿತು?"
ಗಾಳಿಯಲ್ಲಿ ಮಾತು ನಿಲ್ಲುವಂತಿರಲಿಲ್ಲ.
ಮೂರು ಬೆರಳೆತ್ತಿ ತೋರಿಸಿದೆ,
ನೀಲಿಯವು.