ಅರ್ಧ ಜೀಕು

ಹಳೇ ಬಾಗಲಕೋಟೆಯ ಬೇವಿನ ಮರಕ್ಕೆ
ಪಂಚಮಿಗೆ ಹಗ್ಗ ಕಟ್ಟುತ್ತಿದ್ದವ ಬಸಲಿಂಗ ಮಾಮಾ.
ಮರ ಈಗ ಹಿನ್ನೀರಿನ ಕೆಳಗೆ.
ಎಷ್ಟು ಆಳ, ಏನು ಉಷ್ಣತೆ, ಅಳೆದಿಲ್ಲ.

ಅಳೆದದ್ದು ಕಡಲು. ಮೂವತ್ತೊಂದು ವರ್ಷ
ಅದೇ ಅಕ್ಷಾಂಶ, ಅದೇ ತೇಲುಬುರುಡೆ,
ಹಡಗಿನ ಓಕರಿಕೆ, ಉಪ್ಪು ಹತ್ತಿದ ನೋಟುಬುಕ್ಕು.
ನೀರು ಬೆಚ್ಚಗಾಗುತ್ತ ಹೋಯಿತು. ಬರೆದುಕೊಂಡೆ.

ಕಡಲು ಒಮ್ಮೆ ಜೀಕಿ ಬರಲು
ಅರವತ್ತು ವರ್ಷ, ಬಹುಶಃ.
ನಾನು ಕಂಡದ್ದು ಹೋಗುವುದನ್ನಷ್ಟೇ.
ಅದರಲ್ಲಿ ಜೀಕಿನದೆಷ್ಟು, ನಮ್ಮ ಹೊಗೆಯದೆಷ್ಟು,
ಮರಳುವುದನ್ನು ಕಂಡವರು ಹೇಳಬೇಕು.
ನಿವೃತ್ತಿಯ ದಿನ ನೋಟುಬುಕ್ಕು ಶಾಹೀನಾಳ ಕೈಗಿಟ್ಟೆ.
ಅವಳಿಗಿನ್ನೂ ಇಪ್ಪತ್ತಾರು.

ನವನಗರದ ಸೆಕ್ಟರಿನಲ್ಲಿ ಈ ಸಲ ಕಬ್ಬಿಣದ ಜೋಕಾಲಿ.
ಪಕ್ಕದ ಮನೆಯ ಹುಡುಗಿ:
“ಆಂಟಿ, ಜೋರ್ ನೂಕ್ರಿ!”
ನೂಕಿದೆ. ದೂರ ಹೋಯಿತು ಕಿರುಚು.

ಕೈ ಚಾಚಿಕೊಂಡೇ ನಿಂತಿದ್ದೇನೆ.